ಕಾರಿನ ಬಣ್ಣಕ್ಕೆ ಕಚ್ಚಿಕೊಂಡ ಅಂಟು ಬಿಡಿಸುವುದು

ಮದುವೆ ಸಿಂಗಾರದ ಟೇಪು, ಬಾಗಿಲಿಗೆ ಹಚ್ಚಿದ ಹೆಸರಿನ ಸ್ಟಿಕ್ಕರು, ಬಾಗಿಲ ಬದಿಗೆ ಅಂಟಿಸಿದ್ದು ಕಿತ್ತುಹೋದ ಬೀಡಿಂಗು ಪಟ್ಟಿ, ಇವೆಲ್ಲ ಹೋದ ಮೇಲೂ ಅಂಟು ಮಾತ್ರ ಉಳಿಯುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಬ್ಯಾಸಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಾರಿನ ತಗಡು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಹೀಗೆ ತಿಂಗಳುಗಟ್ಟಲೆ ಕಾದ ಅಂಟು ಗಟ್ಟಿಯಾಗಿ, ಮೇಲೆ ಎರಿ ಮಣ್ಣಿನ ಧೂಳು ಕೂತು ಕರಿ ಕಲೆ ಆಗುತ್ತದೆ. ಆಗ ಕೈಗೆ ಸಿಕ್ಕ ಚಾಕು, ಬ್ಲೇಡು, ಪಾತ್ರೆ ತಿಕ್ಕುವ ಜಾಲರಿ ತಗೊಂಡು ಕೂಡುವವರೇ ಬಹಳ. ಕಾರಿನ ಬಣ್ಣದ ಮೇಲಿನ ಹೊಳಪಿನ ಪದರು, ಕ್ಲಿಯರ್ ಕೋಟ್, ಸುಮಾರು 40-50 ಮೈಕ್ರಾನ್ ಅಷ್ಟೇ, ತಲೆಗೂದಲಿಗಿಂತ ತೆಳು. ಒಮ್ಮೆ ಗೀರಿದರೆ ಅದು ಮತ್ತೆ ಬೆಳೆಯುವುದಿಲ್ಲ. ಈ ಕೆಲಸಕ್ಕೆ ತೋಳಿನ ಬಲ ಬೇಡ, ಸಮಾಧಾನ ಬೇಕು.

ಗಾಡಿಯನ್ನು ನೆರಳಿಗೆ ತಂದು ತಗಡು ಆರಲು ಬಿಟ್ಟು, ಶಾಂಪೂ ನೀರಿನಿಂದ ಆ ಜಾಗ ತೊಳೆಯಿರಿ. ಧೂಳಿನ ಮೇಲೆಯೇ ತಿಕ್ಕಿದರೆ ಉಸುಕು ಕಾಗದ ಹಚ್ಚಿ ತಿಕ್ಕಿದಂತೆಯೇ. ಸ್ಟಿಕ್ಕರ್ ಇನ್ನೂ ಇದ್ದರೆ ಅದು ಕಾಗದದ್ದೋ ಪ್ಲಾಸ್ಟಿಕಿನದೋ ನೋಡಿಕೊಳ್ಳಿರಿ. ಕಾಗದ ನೀರು ಹೀರುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಅದ್ದಿದ ಅರಿವಿ 15 ನಿಮಿಷ ಹೊದಿಸಿದರೆ ಸಾಕು. ಪ್ಲಾಸ್ಟಿಕ್ ಸ್ಟಿಕ್ಕರಿಗೆ ನೀರು ತಾಗುವುದೇ ಇಲ್ಲ, ಅದಕ್ಕೆ ಶಾಖ ಬೇಕು. ಕೂದಲು ಒಣಗಿಸುವ ಡ್ರೈಯರನ್ನು ಅರ್ಧ ಗೇಣು ದೂರದಿಂದ ಆಡಿಸುತ್ತ ಇರಿ. ಅಂಗೈ ಇಟ್ಟರೆ ತಡೆಯುವಷ್ಟು ಬಿಸಿ ಸಾಕು. ತುದಿ ಎದ್ದ ಮೇಲೆ ಓರೆಯಾಗಿ, ಸಾವಕಾಶ ಎಳೆಯಿರಿ. ಜಗ್ಗಿದರೆ ಮೇಲಿನ ಹಾಳೆ ಬಂದು ಅಂಟು ಅಲ್ಲೇ ಉಳಿಯುತ್ತದೆ. ಗ್ಯಾರೇಜಿನ ಹೀಟ್ ಗನ್ ಬೇಡ, ಅದು ಬಣ್ಣವನ್ನೇ ಗುಳ್ಳೆ ಎಬ್ಬಿಸುತ್ತದೆ.

ಇನ್ನು ಉಳಿದ ಅಂಟು. ಇದಕ್ಕೆ ಮನೆಯ ಎಣ್ಣೆಯೇ ಮೊದಲ ಔಷಧ. ಟೇಪು, ಸ್ಟಿಕ್ಕರುಗಳ ಬಹಳಷ್ಟು ಅಂಟು ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಮೆತ್ತಗಾಗುತ್ತದೆ. ಶೇಂಗಾ ಎಣ್ಣೆ ಅಥವಾ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿ ಅರಿವಿಯನ್ನು ಕಲೆಯ ಮೇಲೆ ಹಾಸಿ 15-20 ನಿಮಿಷ ಬಿಡಿ. ಅಂಗೈಯಗಲದ ಕಲೆಗೆ ಎರಡು ಚಮಚ ಎಣ್ಣೆ ಸಾಕು. ನಮ್ಮ ಕಡೆಯ ಮನೆಗಳಲ್ಲಿ ಕುಸುಬಿ ಎಣ್ಣೆ ಇದ್ದೇ ಇರುತ್ತದೆ, ಆದರೆ ಅದನ್ನೂ ಅಗಸಿ ಎಣ್ಣೆಯನ್ನೂ ಇಲ್ಲಿಗೆ ತರಬೇಡಿ. ಅವು ಗಾಳಿಗೆ ಒಣಗಿ ತಾವೇ ಜಿಗುಟು ಪದರು ಆಗುವ ಎಣ್ಣೆಗಳು. ಒಂದು ಅಂಟು ತೆಗೆಯಲು ಹೋಗಿ ಇನ್ನೊಂದು ಹಚ್ಚಿದಂತಾದೀತು. ನೆನೆದ ಮೇಲೆ ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ಒತ್ತಿ ಉರುಳಿಸಿರಿ, ಅಂಟು ಸಣ್ಣ ಸಣ್ಣ ಬತ್ತಿಯಾಗಿ ಎದ್ದು ಬರುತ್ತದೆ. ಅರಿವಿಯ ಮಗ್ಗಲು ಬದಲಿಸುತ್ತಲೇ ಇರಬೇಕು, ಇಲ್ಲದಿದ್ದರೆ ಎತ್ತಿದ ಅಂಟನ್ನೇ ಮತ್ತೆ ಬಳಿಯುತ್ತೀರಿ. ಬರದಿದ್ದರೆ ಬಲ ಹೆಚ್ಚಿಸಬೇಡಿ, ಇನ್ನೊಮ್ಮೆ ನೆನೆಸಿರಿ.

ಎಣ್ಣೆಗೂ ಬಗ್ಗದಿದ್ದರೆ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪಂಟೈನ್ ಅಥವಾ ಬಿಳಿ ಚಿಮಣಿ ಎಣ್ಣೆಯನ್ನು (ಸೀಮೆಎಣ್ಣೆ) ಅರಿವಿಗೆ ಸ್ವಲ್ಪವೇ ಹಾಕಿ ಒರೆಸಿರಿ. ರಬ್ಬರ್ ಬೀಡಿಂಗಿಗೆ ತಾಗಬಾರದು, ಉಬ್ಬುತ್ತದೆ. ಪೆಟ್ರೋಲಿನ ಸಲಹೆ ಕೊಡುವವರು ಓಣಿಗೊಬ್ಬರು ಇದ್ದಾರೆ. ಅದು ಕ್ಷಣದಲ್ಲಿ ಹಾರಿಹೋಗಿ ಕರಗಿದ ಅಂಟು ಇನ್ನಷ್ಟು ಅಗಲಕ್ಕೆ ಹರಡುತ್ತದೆ, ಬೆಂಕಿಯ ಭಯ ಬೇರೆ. ಥಿನ್ನರ್, ಉಗುರು ಬಣ್ಣ ತೆಗೆಯುವ ರಿಮೂವರ್ ಹತ್ತಿರವೂ ತರಬೇಡಿ.

ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ ಭಾಗವಾದರೆ ಹೆಚ್ಚಿನ ಎಚ್ಚರ ಬೇಕು. ಅಲ್ಲಿನ ಬಣ್ಣ ಕಂಪನಿಯದರಂತೆ ಭಟ್ಟಿಯಲ್ಲಿ ಬೆಂದದ್ದಲ್ಲದಿರಬಹುದು. ಬಾಗಿಲು ತೆರೆದು ಒಳ ಅಂಚಿನಲ್ಲಿ, ಅದೂ ಮತ್ತೆ ಬಣ್ಣ ಬಿದ್ದ ಜಾಗದಲ್ಲೇ, ಟರ್ಪಂಟೈನನ್ನು ಮೊದಲು ಹಚ್ಚಿ ನೋಡಿರಿ. ಬಿಳಿ ಅರಿವಿಗೆ ಗಾಡಿಯ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿರಿ, ಮನೆಯ ಎಣ್ಣೆಯಿಂದಲೇ ಮುಗಿಸಿರಿ. ಬಣ್ಣ ಹೊಡೆಸಿ ತಿಂಗಳಾಗಿರದಿದ್ದರೆ ಮುಟ್ಟಲೇಬೇಡಿ.

ಬೀಡಿಂಗನ್ನು ಹಿಡಿದಿಡುವ, ಎರಡೂ ಬದಿ ಅಂಟಿನ ಸ್ಪಂಜ್ ಟೇಪ್ ಬೇರೆಯೇ ಕಥೆ. ಮೊದಲು ಮೀನು ಹಿಡಿಯುವ ನೈಲಾನ್ ದಾರವನ್ನು ಬೀಡಿಂಗಿನ ಹಿಂದೆ ಹಾಕಿ ಗರಗಸದಂತೆ ಆಡಿಸಿ ಕೊಯ್ಯಿರಿ. ಗಾಳಿಪಟದ ಮಾಂಜಾ ದಾರ ಬೇಡ, ಅದರಲ್ಲಿ ಗಾಜಿನ ಪುಡಿ ಇರುತ್ತದೆ. ಉಳಿದ ಸ್ಪಂಜನ್ನು ಬೆಚ್ಚಗೆ ಮಾಡಿ, ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಓರೆಯಾಗಿ ತಳ್ಳಿರಿ. ಆಮೇಲೆ ಎಣ್ಣೆ.

ಅಂಟು ಹೋದ ಮೇಲೆ ಎಣ್ಣೆಯ ಜಿಡ್ಡನ್ನು ಶಾಂಪೂ ನೀರಿನಿಂದ ತೊಳೆದು, ಔಷಧದ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಒಮ್ಮೆ ಒರೆಸಿರಿ. ಬೋರಿನ ಗಡಸು ನೀರು ತಾನಾಗಿ ಆರಿದರೆ ಬಿಳಿ ಚುಕ್ಕಿ ಉಳಿಯುತ್ತದೆ, ತಕ್ಷಣ ಒಣ ಅರಿವಿ ಹಾಕಿರಿ. ಈಗಲೂ ಸ್ಟಿಕ್ಕರಿನ ಆಕಾರ ಕಂಡರೆ ಅದು ಅಂಟಲ್ಲ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದೆ, ಒಳಗಿನದು ಹೊಸದಾಗಿಯೇ ಉಳಿದಿದೆ. ಎಷ್ಟು ಎಣ್ಣೆ ಹಚ್ಚಿದರೂ ಅದು ಹೋಗದು. ಸುತ್ತಲಿನ ಮಾಸಿದ ಜಾಗಕ್ಕೆ ನುಣುಪಾದ ರಬ್ಬಿಂಗ್ ಕಾಂಪೌಂಡಿನಿಂದ (ಪಾಲಿಶ್ ಪೇಸ್ಟು) ಹಗುರಾಗಿ ಪಾಲಿಶ್ ಮಾಡಿ, ಮೇಲೆ ವ್ಯಾಕ್ಸ್ ಹಚ್ಚಿದರೆ ವ್ಯತ್ಯಾಸ ಕಡಿಮೆಯಾಗುತ್ತದೆ. ಹತ್ತು ವರ್ಷದ ಗುರುತಾದರೆ ಪೂರ್ತಿ ಹೋಗುವ ಆಸೆ ಬೇಡ.

ಹೆಡ್‌ಲೈಟಿನ ಮೇಲೆ ಅಂಟಿದ್ದರೆ ಎಣ್ಣೆ ಮತ್ತು ಸೋಪಿನ ನೀರು ಬಿಟ್ಟು ಬೇರೇನೂ ಬೇಡ. ಥಿನ್ನರ್ ಬಿದ್ದರೆ ಆ ಪ್ಲಾಸ್ಟಿಕ್ ಮಂಜಾಗಿ ಸೀಳುತ್ತದೆ. ಗಾಜಿಗೆ ಮಾತ್ರ ಸೋಪಿನ ನೀರು ಹಾಕಿ ಹೊಸ ಬ್ಲೇಡ್ ಓರೆಯಾಗಿ ಹಿಡಿದು ಕೆರೆಯಬಹುದು, ಹಿಂದಿನ ಗಾಜಿನ ಒಳಬದಿಯ ಕಾಯುವ ತಂತಿಗೆರೆಗಳನ್ನು ಬಿಟ್ಟು.