ಪೋರ್ಟ್ ಸುಟ್ಟ ರೌಟರ್ ಮತ್ತೆ ಕೆಲಸಕ್ಕೆ ಬಂತು

ಬ್ರಹ್ಮಾವರದ ಹತ್ತಿರ ನಮ್ಮದು ಹಳೆಯ ಹಂಚಿನ ಮನೆ. ಕೆಂಪುಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ. ಫೈಬರ್ ರೌಟರ್ ಚಾವಡಿಯಲ್ಲಿದೆ, ಅಡುಗೆಮನೆ ಮೂರು ಗೋಡೆಯಾಚೆ. ಅಮ್ಮ ಸಂಜೆ ಅಲ್ಲೇ ಕೂತು ದುಬೈಯಲ್ಲಿರುವ ತಂಗಿಗೆ ವಿಡಿಯೊ ಕಾಲ್ ಮಾಡುವುದು. “ಮಗಾ, ಪುನಃ ಅವಳ ಮುಖ ನಿಂತುಹೋಯ್ತು ನೋಡು” ಎಂದು ದಿನಾ ಕರೆಯುತ್ತಿದ್ದರು.

ಅಟ್ಟದಲ್ಲಿ ಹಳೆಯ ಟಿಪಿ-ಲಿಂಕ್ 841ಎನ್ ರೌಟರ್ ಇತ್ತು. ಕಂಬದಿಂದ ಕೇಬಲ್ ಎಳೆದು ಇಂಟರ್ನೆಟ್ ಕೊಡುತ್ತಿದ್ದ ಕಾಲದ್ದು. ಒಂದು ಮೇ ತಿಂಗಳ ಸಿಡಿಲಿಗೆ ಹೊರಗಿನ ಇಂಟರ್ನೆಟ್ ಕೇಬಲ್ ಚುಚ್ಚುವ ಅದರ ನೀಲಿ ವ್ಯಾನ್ ಪೋರ್ಟ್ ಸುಟ್ಟಿತ್ತು. ಹಾಳಾಯಿತೆಂದೇ ಎತ್ತಿಟ್ಟಿದ್ದೆವು. ಆದರೆ ಡಬ್ಲ್ಯುಡಿಎಸ್ ಎಂಬ ವ್ಯವಸ್ಥೆಯಲ್ಲಿ ರೌಟರ್ ವೈಫೈಯಲ್ಲೇ ಸಿಗ್ನಲ್ ಹಿಡಿದು ವೈಫೈಯಲ್ಲೇ ಮುಂದೆ ಕೊಡುತ್ತದೆ. ಅದಕ್ಕೆ ಆ ಪೋರ್ಟ್ ಬೇಕೇ ಇಲ್ಲ. ಅಂಗಳದಲ್ಲಿ ಇನ್ನೊಮ್ಮೆ ಕೇಬಲ್ ಎಳೆದು ಸಿಡಿಲಿಗೆ ದಾರಿ ಮಾಡಿಕೊಡುವುದೂ ನನಗೆ ಬೇಡವಾಗಿತ್ತು.

ಅಡಾಪ್ಟರ್ ಕಳೆದುಹೋಗಿತ್ತು, 9 ವೋಲ್ಟ್‌ನದ್ದೇ ಹುಡುಕಿ ತಂದೆ. ಪಿನ್ ಹೊಂದುತ್ತದೆಂದು 12 ವೋಲ್ಟ್‌ನದ್ದು ಚುಚ್ಚಬೇಡಿ. ರಿಸೆಟ್ ಗುಂಡಿ ಹತ್ತು ಸೆಕೆಂಡು ಒತ್ತಿ ಹಿಡಿದು, ಮನೆಯೊಳಗಿನ ಸಾಧನಗಳಿಗಿರುವ ಹಳದಿ ಲ್ಯಾನ್ ಪೋರ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಸೆಟ್ಟಿಂಗ್ ಪುಟ ತೆರೆದೆ. ಫೈಬರ್ ರೌಟರಿನ ಐಪಿ ವಿಳಾಸ 192.168.1.1, ಎರಡಕ್ಕೂ ಒಂದೇ ಇರಬಾರದು, ಆದ್ದರಿಂದ ಇದಕ್ಕೆ 192.168.1.2 ಕೊಟ್ಟೆ. ವೈರ್‌ಲೆಸ್ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಡಿಎಸ್ ಆನ್ ಮಾಡಿ, ಸರ್ವೇ ಒತ್ತಿ, ನಮ್ಮ ವೈಫೈ ಹೆಸರು ಆರಿಸಿ ಪಾಸ್‌ವರ್ಡ್ ಹಾಕಿದೆ. ಕೊನೆಗೆ ಇದರ ಡಿಎಚ್‌ಸಿಪಿ ಆಫ್. ಮೊಬೈಲು, ಲ್ಯಾಪ್‌ಟಾಪ್‌ಗಳಿಗೆ ಐಪಿ ವಿಳಾಸ ಹಂಚುವ ಆ ಕೆಲಸ ಒಂದೇ ರೌಟರ್ ಮಾಡಬೇಕು. ಇಲ್ಲದಿದ್ದರೆ ಮೊಬೈಲಿನಲ್ಲಿ ವೈಫೈ ತುಂಬ ಕಾಣುತ್ತದೆ, ನೆಟ್ ಮಾತ್ರ ಬರುವುದಿಲ್ಲ.

ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಮಳೆಗೆ ಕರೆಂಟ್ ಹೋಗಿ ಬಂದಾಗ ಸಂಪರ್ಕ ಕಡಿದಿತ್ತು. ಫೈಬರ್ ರೌಟರಿನ ಚಾನೆಲ್, ಎಂದರೆ ವೈಫೈ ಹರಿಯುವ ತರಂಗದ ದಾರಿ, ಆಟೋದಲ್ಲಿ ಬಿಟ್ಟಿದ್ದೆ. ಅದು 11ಕ್ಕೆ ಹಾರಿತ್ತು, ಹಳೆಯದು 6ರಲ್ಲೇ ಕಾಯುತ್ತಿತ್ತು. ಎರಡರಲ್ಲೂ 6 ಎಂದು ಗಟ್ಟಿ ಮಾಡಿದ ಮೇಲೆ ಆ ತೊಂದರೆ ಬರಲಿಲ್ಲ.

ನಿಜವಾದ ಕೆಲಸ ಇದ್ದದ್ದು ಜಾಗ ಹುಡುಕುವುದರಲ್ಲಿ. ಮೊದಲು ಅಡುಗೆಮನೆಯಲ್ಲೇ ಇಟ್ಟೆ. ಅಲ್ಲಿ ಅದಕ್ಕೆ ಸಿಗುತ್ತಿದ್ದ ಸಿಗ್ನಲ್ಲೇ ಮೈನಸ್ 84 ಡಿಬಿಎಂ (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ). ತನಗೇ ಸರಿಯಾಗಿ ಸಿಗದ್ದನ್ನು ಅದು ಹಂಚುವುದು ಹೇಗೆ? ಮೊಬೈಲಿನಲ್ಲಿ ಅಳೆಯುತ್ತಾ ಕೋಣೆ ಕೋಣೆ ತಿರುಗಿದೆ. ಊಟದ ಕೋಣೆಯ ಬಾಗಿಲ ಮೇಲಿನ ಹಲಗೆಯಲ್ಲಿ ಮೈನಸ್ 62 ಬಂತು. ಅಲ್ಲಿಟ್ಟರೆ ಗೋಡೆಯ ಬದಲು ಬಾಗಿಲ ಮೂಲಕ ಸಿಗ್ನಲ್ ಹಾಯುತ್ತದೆ.

ಒಂದೇ ರೇಡಿಯೊ ಕೇಳಿಸಿಕೊಂಡು ಅದೇ ಪುನಃ ಹೇಳಬೇಕಾದ್ದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಚಾವಡಿಯಲ್ಲಿ 40 ಎಂಬಿಪಿಎಸ್ ಇದ್ದರೆ ಅಡುಗೆಮನೆಯಲ್ಲಿ 17. ವಿಡಿಯೊ ಕಾಲಿಗೆ ಅದು ಧಾರಾಳ. ಹಟ್ಟಿಯವರೆಗೂ ಬೇಕೆಂದು ಅಮ್ಮ ಈಗ ಕೇಳುತ್ತಿದ್ದಾರೆ. ಇದರ ಹಿಂದೆ ಇನ್ನೊಂದು ಹಳೆಯ ರೌಟರ್ ಪೋಣಿಸಿದರೆ ವೇಗ ಇನ್ನೂ ಇಳಿಯುತ್ತದೆ. ಹಾಗಾಗಿ ಮೊದಲು ಇದನ್ನೇ ಹಿತ್ತಿಲ ಕಿಟಕಿಯ ಕಡೆ ಸರಿಸಿ ನೋಡಬೇಕೆಂದಿದ್ದೇನೆ.