ಪಾತ್ರದ ನೋವಿಗೊಂದು ವಹಿ

ಪಾತ್ರಕ್ಕೆ ಎಲ್ಲಿ ಪೆಟ್ಟಾಯಿತು, ಇವತ್ತಿಗೆ ಎಷ್ಟನೇ ದಿನ, ಈಗ ಆ ಕೈಯಿಂದ ಏನು ಮಾಡಲಾಗದು, ಗುಳಿಗೆ ತೆಗೆದುಕೊಂಡು ಎಷ್ಟು ಹೊತ್ತಾಯಿತು: ಇಷ್ಟನ್ನು ಬರೆದಿಡುವ ಒಂದು ವಹಿ ಪಕ್ಕದಲ್ಲಿಲ್ಲದೆ ನಾನೀಗ ಕಥೆಗೆ ಕೂರುವುದಿಲ್ಲ. ಮುಂಬಯಿಯ ಮಾಟುಂಗಾ, ಡೊಂಬಿವಿಲಿ ಕಡೆಯ ನಮ್ಮ ಬರೆಯುವ ಬಳಗದಲ್ಲಿ ಇದನ್ನು ಮೊದಲು ಹೇಳಿದಾಗ ಒಪ್ಪಿದವರಿಲ್ಲ. "ಭಾವನೆಗೂ ಜಮಾಖರ್ಚು ಇಡ್ತೀರಾ ಮಾರಾಯ್ರೇ?" ಅಂದರು ಹಿರಿಯರೊಬ್ಬರು. ಅನುಭವಿಸಿದವನಿಗೆ ತಾನಾಗಿ ಬರುತ್ತದೆ, ಅನುಭವಿಸದವನಿಗೆ ವಹಿ ಇಟ್ಟರೂ ಬರುವುದಿಲ್ಲ ಎಂಬುದು ಉಳಿದವರ ವಾದ. ಉಡುಪಿ ಹೋಟೆಲಿನ ಅಡುಗೆಮನೆಯ ಕಥೆಯೊಂದು "ನೋವು ತಟ್ಟಲಿಲ್ಲ" ಎಂಬ ಷರಾ ಹೊತ್ತು ಪತ್ರಿಕೆಗಳಿಂದ ವಾಪಸು ಬರುತ್ತಲೇ ಇತ್ತು. ವಹಿ ಇಟ್ಟುಕೊಂಡು ಅದನ್ನೇ ತಿದ್ದಿ ಬರೆದೆ. ಕಥಾವಸ್ತು ಬದಲಾಗಲಿಲ್ಲ, ಪಾತ್ರಗಳ ಹೆಸರೂ ಬದಲಾಗಲಿಲ್ಲ. ದೀಪಾವಳಿ ವಿಶೇಷಾಂಕಕ್ಕೆ ಹೋಯಿತು. ಓದಿದ ಅಡುಗೆಭಟ್ಟರೊಬ್ಬರು "ನೀವು ಯಾವ ಹೋಟೆಲಿನಲ್ಲಿದ್ದಿರಿ?" ಎಂದು ಕೇಳಿದರು. ನಾನು ಬಾಣಲೆ ಮುಂದೆ ಒಂದು ದಿನವೂ ನಿಂತವನಲ್ಲ.

ಹಳೆಯ ಕರಡು ಯಾಕೆ ಸೋಲುತ್ತಿತ್ತು ಎಂಬುದನ್ನು ಮೊದಲು ಹೇಳಬೇಕು. 'ಅಸಹನೀಯ', 'ಜೀವ ಹೋಗುವಂಥ', 'ಕರುಳು ಹಿಂಡುವ' ಎಂಬ ವಿಶೇಷಣಗಳು ಹೆಚ್ಚಾಗಿದ್ದವು, ಅದು ಎಲ್ಲರಿಗೂ ಗೊತ್ತಿರುವ ದೋಷ. ಅದಕ್ಕಿಂತ ದೊಡ್ಡ ದೋಷ ಕ್ರಮದ್ದು. ಎಣ್ಣೆ ಸಿಡಿಯಿತು, ಅವನಿಗೆ ವಿಪರೀತ ನೋವಾಯಿತು, ಕೈ ಹಿಂದಕ್ಕೆ ಎಳೆದುಕೊಂಡ: ಹೀಗೆ ಬರೆದರೆ ಮೈ ಒಪ್ಪುವುದಿಲ್ಲ. ಕೈ ಹಿಂದೆ ಬರುವ ತೀರ್ಮಾನ ಬೆನ್ನುಹುರಿಯಲ್ಲೇ ಆಗುತ್ತದೆ. ನೋವು ಅರಿವಿಗೆ ಬರುವಷ್ಟರಲ್ಲಿ ಕೈ ಆಗಲೇ ಎದೆಯ ಹತ್ತಿರ ಇರುತ್ತದೆ, ಝಾರಾ ಸೌಟು ನೆಲದ ಮೇಲಿರುತ್ತದೆ. ಇನ್ನೂ ಒಂದು ಮಜಲಿದೆ. ಚುರುಕ್ಕೆನ್ನುವ ಮೊದಲ ನೋವನ್ನು ತರುವ ನರಗಳು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದವು. ಉರಿಯುವ, ಹರಡುವ ಎರಡನೇ ನೋವಿನ ನರಗಳದ್ದು ಸೆಕೆಂಡಿಗೆ 2 ಮೀಟರಿಗಿಂತಲೂ ಕಡಿಮೆ. ಕಾಲಿನ ಹೆಬ್ಬೆರಳು ಬಾಗಿಲ ಹೊಸ್ತಿಲಿಗೆ ಎಡವಿದರೆ ಎರಡರ ನಡುವೆ ಒಂದು ಸೆಕೆಂಡ್ ಅಥವಾ ತುಸು ಹೆಚ್ಚು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಮನುಷ್ಯನಿಗೆ ನಿಜವಾದ ನೋವು ಇನ್ನು ಬರಲಿದೆ ಎಂದು ಗೊತ್ತಿರುತ್ತದೆ. ಕಥೆಗಾರನಿಗೆ ಸಿಗುವ ಅತಿ ಬೆಲೆಬಾಳುವ ಜಾಗ ಅದು. ಅಲ್ಲಿ ಒಂದೇ ಒಂದು ಸಣ್ಣ ವಾಕ್ಯ ಇಡಿ: ಗಲ್ಲೆಯ (ದುಡ್ಡಿನ ಮೇಜಿನ) ಮೇಲಿನ ಮಾಲೀಕ ಸೇಟ್ ಇತ್ತ ತಿರುಗಿದ್ದು, ಕುಕ್ಕರ್ ಕೂಗಿದ್ದು, ಏನಾದರೂ. ಆಮೇಲೆ ಉರಿಯನ್ನು ತನ್ನಿ.

ಆ ಕಥೆಯ ವಹಿಯ ಒಂದು ಪುಟವನ್ನು ಬಿಡಿಸಿಯೇ ಹೇಳುತ್ತೇನೆ. ವಡೆ ಕೈಜಾರಿ ಬಾಣಲೆಗೆ ಬಿದ್ದು ಎಣ್ಣೆ ಬಲ ಮುಂಗೈಗೆ ಹಾರುತ್ತದೆ. ಕಾದ ಎಣ್ಣೆ 170-180 ಡಿಗ್ರಿ, ಕುದಿಯುವ ನೀರಿಗಿಂತ ಹೆಚ್ಚು ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿ ನಿಲ್ಲುತ್ತದೆ. ಮೊದಲ ಗಂಟೆ: ನಲ್ಲಿ ನೀರಿನ ಕೆಳಗೆ ಕೈ ಇಟ್ಟಿರುವಷ್ಟು ಹೊತ್ತು ನೋವು ತಗ್ಗುತ್ತದೆ, ತೆಗೆದ ಕೂಡಲೇ ಮರಳುತ್ತದೆ. 20 ನಿಮಿಷ ಹಿಡಿಯಬೇಕು, ಆದರೆ ಊಟದ ಹೊತ್ತಿನ ಗಿರಾಕಿ ನಿಂತಿರುವಾಗ ಯಾರು ಬಿಡುತ್ತಾರೆ? ಮೂರು ನಿಮಿಷಕ್ಕೆ ಕರೆ ಬರುತ್ತದೆ, ಯಾರೋ ಟೂತ್‌ಪೇಸ್ಟ್ ಹಚ್ಚುತ್ತಾರೆ. ಗಾಯ ಯಾಕೆ ಕೆಟ್ಟಿತು ಎಂಬುದಕ್ಕೆ ಮುಂದಿನ ಅಧ್ಯಾಯದ ಕಾರಣ ಇಲ್ಲೇ ಸಿಕ್ಕಿತು. ಅದೇ ರಾತ್ರಿ: ಬೊಬ್ಬೆ ಎದ್ದಿದೆ, ಕೈ ಕೆಳಗೆ ಇಳಿಬಿಟ್ಟರೆ ಮಿಡಿಯುತ್ತದೆ, ಎತ್ತಿ ಹಿಡಿದರೆ ತುಸು ತಡೆಯುತ್ತದೆ. ಹಾಗಾಗಿ ಹೋಟೆಲಿನ ಮಾಳಿಗೆಯಲ್ಲಿ ಸಾಲಾಗಿ ಮಲಗಿದ ಹುಡುಗರ ನಡುವೆ ಇವನೊಬ್ಬನ ಕೈ ಗೋಡೆಗೆ ಆನಿಸಿ ಮೇಲೆ ನಿಂತಿರುತ್ತದೆ. 'ನೋವಿನಿಂದ ನಿದ್ದೆ ಬರಲಿಲ್ಲ' ಎಂದು ಬರೆಯುವ ಅಗತ್ಯವೇ ಬೀಳಲಿಲ್ಲ. ಮೂರನೇ ದಿನ: ಅಂಗಿಯ ತೋಳು ತಾಗಿದರೆ ಉರಿ, ಬೆವರು ಇಳಿದರೆ ಉರಿ. ಉಗುರುಬೆಚ್ಚಗಿನ ನೀರೂ ಸುಡುನೀರಿನಂತೆ ತಟ್ಟುತ್ತದೆ, ಸುಟ್ಟ ಚರ್ಮಕ್ಕೆ ಬಿಸಿಯ ಅಳತೆ ತಪ್ಪಿರುತ್ತದೆ. ಇಡ್ಲಿ ಅಟ್ಟದ ಮುಚ್ಚಳ ತೆಗೆಯುವ ಕೆಲಸವನ್ನು ಅವನು ಸುಮ್ಮನೆ ಪಕ್ಕದವನಿಗೆ ದಾಟಿಸುತ್ತಾನೆ. ಎರಡು ವಾರ ದಾಟಿದ ಮೇಲೆ: ನೋವು ಹೋಗಿ ತುರಿಕೆ, ಹೊಸ ಚರ್ಮ ನಸುಗೆಂಪು, ಎಳೆದು ಹಿಡಿದಂತೆ. ಇಷ್ಟರಲ್ಲಿ ಓದುಗರಿಗೆ ಗಾಯ ಮರೆತಿರುತ್ತದೆ. ಆಗ ಒಮ್ಮೆ ತುರಿಸಿಕೊಳ್ಳಲಿ, ಸಾಕು.

ಆಳವಾಗಿ ಸುಟ್ಟ ಜಾಗದಲ್ಲಿ ಇದೆಲ್ಲ ತಿರುಗಾಮುರುಗಾ. ಚರ್ಮ ಬಿಳಿಚಿಕೊಂಡು ಗಡುಸಾದಲ್ಲಿ ನರತುದಿಗಳೇ ಸತ್ತಿರುತ್ತವೆ, ಅಲ್ಲಿ ನೋವಿಲ್ಲ. ನೋವೆಲ್ಲ ಅಂಚಿನಲ್ಲಿ. ಗ್ಯಾಸ್ ಸಿಲಿಂಡರ್ ಅನಾಹುತದ ಕಥೆಗಳಲ್ಲಿ ಪಾತ್ರ ಅರಚುತ್ತಲೇ ಇರುವುದನ್ನು ಓದಿದ್ದೇವೆ. ಅವನು ಸ್ಪಷ್ಟವಾಗಿ ಮಾತಾಡುತ್ತ, ನೀರು ಕೇಳುತ್ತ ಇದ್ದರೆ ಓದುವವರ ಎದೆ ಹೆಚ್ಚು ನಡುಗುತ್ತದೆ, ಮೈಯ ಸತ್ಯಕ್ಕೂ ಅದು ಹತ್ತಿರ.

ನೋವಿನ ಭಂಗಿಯನ್ನು ತಪ್ಪಿಸಬೇಡಿ. ಕಿಡ್ನಿ ಕಲ್ಲಿನವನು ಒಂದೆಡೆ ಕೂರಲಾರ. ಎದ್ದು ಓಡಾಡುತ್ತಾನೆ, ಗೋಡೆಗೆ ಹಣೆ ಒತ್ತುತ್ತಾನೆ, ವಾಂತಿ ಮಾಡುತ್ತಾನೆ, ನೋವು ಸೊಂಟದ ಪಕ್ಕದಿಂದ ತೊಡೆಸಂದಿಗೆ ಅಲೆಯಲೆಯಾಗಿ ಇಳಿಯುತ್ತದೆ. ಅಪೆಂಡಿಕ್ಸ್ ಕೆರಳಿದವನು ಅಲುಗಾಡುವುದಿಲ್ಲ, ಮೊಣಕಾಲು ಮಡಿಸಿ ಮಲಗುತ್ತಾನೆ. ಮೊದಲು ಹೊಕ್ಕುಳ ಸುತ್ತ, ಕೆಲವು ಗಂಟೆ ಕಳೆದ ಮೇಲೆ ಬಲ ಕೆಳಹೊಟ್ಟೆಗೆ. ಅವನನ್ನು ರಿಕ್ಷಾದಲ್ಲಿ ಕೂರಿಸಿ ಮಳೆಗಾಲದ ಡೊಂಬಿವಿಲಿ ರಸ್ತೆಯಲ್ಲಿ ಆಸ್ಪತ್ರೆಗೆ ಒಯ್ಯಿರಿ. ಒಂದೊಂದು ಹೊಂಡಕ್ಕೂ ಅವನ ಕೈ ಸೀಟಿನ ಕಂಬಿಯನ್ನು ಹಿಡಿಯುವುದನ್ನು ಬರೆದರೆ ಬೇರೆ ವರ್ಣನೆ ಬೇಡ. ಎದೆನೋವಿನಲ್ಲಂತೂ ಎದೆ ಹಿಡಿದು ಕುಸಿಯುವ ಪಾತ್ರಗಳನ್ನು ದಯವಿಟ್ಟು ನಿಲ್ಲಿಸಿ. ಗಲ್ಲೆಯಲ್ಲಿ ಕೂತ ಸಕ್ಕರೆ ಕಾಯಿಲೆಯ ಸೇಟ್‌ಗೆ ಎದೆನೋವೇ ಇರದಿರಬಹುದು. ತಣ್ಣನೆ ಬೆವರು, ದವಡೆಯಲ್ಲಿ ಬಿಗಿತ, ಹೊಟ್ಟೆ ತೊಳಸು, ಉಸಿರು ಸಾಲದು. ಗ್ಯಾಸ್ ಎಂದುಕೊಂಡು ಜೀರಾ ಸೋಡಾ ತರಿಸುತ್ತಾನೆ, ಚಿಲ್ಲರೆ ಎಣಿಸುವುದನ್ನು ಬಿಡುವುದಿಲ್ಲ.

ಪಕ್ಕೆಲುಬು ಮುರಿದವನಿಗೆ ಮುಂಬಯಿಯ ಲೋಕಲ್ ಗಾಡಿಗಿಂತ ಕಠಿಣ ಪರೀಕ್ಷೆ ಇಲ್ಲ. ಅವನು ಕೈ ಎತ್ತಿ ಹಿಡಿಕೆ ಹಿಡಿಯಲಾರ, ಪೂರ್ತಿ ಉಸಿರೆಳೆಯಲಾರ, ಕೆಮ್ಮು ಬಂದರೆ ಚೀಲವನ್ನು ಪಕ್ಕೆಗೆ ಒತ್ತಿಕೊಂಡು ಕೆಮ್ಮುತ್ತಾನೆ. ಗೆಳೆಯರು ನಗಿಸಿದರೆ ಬೈಯುತ್ತಾನೆ. ಮೂಳೆ ಕೂಡಲು 6 ವಾರದ ಆಸುಪಾಸು ಬೇಕು. ಕಾದಂಬರಿಯಲ್ಲಿ ಎರಡನೇ ವಾರಕ್ಕೆ ಅವನು ದಾದರಿನಲ್ಲಿ ಓಡಿ ಫಾಸ್ಟ್ ಲೋಕಲ್ ಹತ್ತಿದರೆ ವಹಿಯೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಇನ್ನು, ಪೆಟ್ಟು ಬಿದ್ದ ಕ್ಷಣದಲ್ಲೇ ನೋವು ಬರಬೇಕೆಂದಿಲ್ಲ. ಗಾಡಿಯಿಂದ ಬಿದ್ದವನು ಎದ್ದು ಮೊದಲು ಚಪ್ಪಲಿ ಹುಡುಕುತ್ತಾನೆ, ಮೊಬೈಲ್ ಹುಡುಕುತ್ತಾನೆ. ಬೆಂಚಿನ ಮೇಲೆ ಕೂರಿಸಿ ಯಾರಾದರೂ ನೀರು ಕೊಟ್ಟ ಮೇಲೆ, ಇನ್ನು ಭಯವಿಲ್ಲ ಎಂದಾದ ಮೇಲೆ, ಕಾಲು ಮಾತಾಡಲು ಶುರುಮಾಡುತ್ತದೆ.

ಪದಗಳ ಬಗ್ಗೆ. ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ರೋಗಿಗಳು ನೋವಿಗೆ ಬಳಸುವ 78 ಪದಗಳನ್ನು 20 ಗುಂಪು ಮಾಡಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದನ್ನು ಕನ್ನಡಕ್ಕೆ ಇಳಿಸಲು ಹೋಗಬೇಡಿ, ಸಮಯ ಹಾಳು. ನಮ್ಮ ಮನೆಗಳಲ್ಲೇ ಇದೆ: ಗಾಯ ಚುರುಗುಟ್ಟುತ್ತದೆ, ಕುರು ಮಿಡಿಯುತ್ತದೆ, ಹಲ್ಲು ಸಿಡಿಯುತ್ತದೆ, ಕಾಲು ಸೆಳೆಯುತ್ತದೆ, ನಡು ಹಿಡಿಯುತ್ತದೆ, ಹೊಟ್ಟೆ ಮುರಿಯುತ್ತದೆ, ಬೆನ್ನಿಗೆ ಚಳಕು ಹೊಡೆಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ನನ್ನ ಪಟ್ಟಿಯಲ್ಲಿ ನಲವತ್ತರ ಹತ್ತಿರ ಇವೆ, ಹೆಚ್ಚಿನವು ಹಳೆಯ ಹೆಂಗಸರ ಬಾಯಿಂದ ಬಂದವು. ಒಂದು ಪ್ರಸಂಗಕ್ಕೆ ಒಂದೇ ಪದ ಎಂಬುದು ನನ್ನ ಕಟ್ಟುನಿಟ್ಟು. ಆಮೇಲೆ ನೋವು ಕೆಲಸದಲ್ಲಿ ಕಾಣಬೇಕು. ಗುಂಡಿ ಹಾಕಿಕೊಳ್ಳಲು ಎಡಗೈ ಬಳಸಿದ್ದು, ಮೆಟ್ಟಿಲನ್ನು ಒಂದೊಂದಾಗಿ ಎರಡೂ ಕಾಲಿಟ್ಟು ಇಳಿದದ್ದು.

ಮಂಜುಗಡ್ಡೆಯ ಪ್ರಯೋಗವನ್ನು ಬಳಗದ ಹಲವರು ಮಾಡಿ ನೋಡಿದ್ದಾರೆ. ಎಡ ಮುಷ್ಟಿಯಲ್ಲಿ ಫ್ರಿಜ್ಜಿನ ಮಂಜುಗಡ್ಡೆ ಹಿಡಿದು ಬಲಗೈಯಿಂದ ಬರೆಯುತ್ತ ಹೋಗುವುದು. ಮೊದಲು ತಂಪು, ಆಮೇಲೆ ಎಲುಬಿನೊಳಗೆ ಹೊಕ್ಕಂಥ ನೋವು, ಆಮೇಲೆ ಉರಿ, ಕೊನೆಗೆ ಮರಗಟ್ಟುವುದು. ಒಂದು ನಿಮಿಷ ಸಾಕು, ಮರಗಟ್ಟಿದ ಮೇಲೆ ಹಿಡಿದಿರಬಾರದು, ಸಕ್ಕರೆ ಕಾಯಿಲೆ ಇದ್ದವರು ಮಾಡಲೇಬಾರದು. ಬರೆದದ್ದನ್ನು ಆಮೇಲೆ ನೋಡಿದರೆ ವಾಕ್ಯಗಳು ನಾಲ್ಕೈದು ಪದಕ್ಕೆ ಇಳಿದಿರುತ್ತವೆ, ಕೋಣೆಯಲ್ಲಿ ಬೇರೇನಿತ್ತೆಂಬುದು ಮಾಯವಾಗಿರುತ್ತದೆ, ಉಪಮೆ ಒಂದೂ ಇರುವುದಿಲ್ಲ. ನೋವಿನ ತುದಿಯಲ್ಲಿರುವ ಮನುಷ್ಯ ಹೋಲಿಕೆ ಹುಡುಕುವುದಿಲ್ಲ. 'ಕಾದ ಸರಳು ಹೊಕ್ಕಂತೆ' ಎಂಬುದು ಗುಣವಾದ ಮೇಲೆ ನೆಂಟರಿಗೆ ವಿವರಿಸುವಾಗ ಬರುವ ಮಾತು. ಅಂದಿನಿಂದ ನನ್ನ ಕಥೆಗಳಲ್ಲಿ ಉಪಮೆಗೆ ಜಾಗ ನೆನಪಿನಲ್ಲಿ ಮಾತ್ರ. ಬೂಟಿನೊಳಗೆ ಕಡಲೆಕಾಳು ಹಾಕಿಕೊಂಡು ಮಾಟುಂಗಾ ಸ್ಟೇಷನ್ನಿನಿಂದ ಕಿಂಗ್ಸ್ ಸರ್ಕಲ್‌ವರೆಗೆ ನಡೆಯುವುದು ಇನ್ನೊಂದು ಪ್ರಯೋಗ. ಚುಚ್ಚುವ ಪಾದ ಅಷ್ಟರಲ್ಲಿ ಒಗ್ಗಿರುತ್ತದೆ, ಭಾರ ಹೊತ್ತ ಎದುರು ಕಾಲಿನ ಮಂಡಿ ನೋಯತೊಡಗುತ್ತದೆ. ಕುಂಟುವ ಪಾತ್ರಕ್ಕೆ ಒಳ್ಳೆಯ ಕಾಲೂ ನೋಯಬೇಕು.

ಮನಸ್ಸಿನ ನೋವಿಗೂ ಇದೇ ವಹಿ, ಖಾನೆ ಬೇರೆ. ಅಲ್ಲಿ ಬರೆಯುವುದು: ಸುದ್ದಿ ಯಾವಾಗ ಬಂತು, ಆಗ ಕೈಯಲ್ಲಿ ಯಾವ ಕೆಲಸವಿತ್ತು, ಯಾರ ಮುಂದೆ ಅಳುವಂತಿಲ್ಲ, ಅಳು ಎಲ್ಲಿ ಒಡೆಯುತ್ತದೆ. ಸುದ್ದಿ ಬಂದ ಕೂಡಲೇ ಅಳಿಸುವುದು ಕರಡಿನ ಚಟ. ಬಹಳ ಮಂದಿ ಕೈಯಲ್ಲಿದ್ದ ಕೆಲಸ ಮುಗಿಸುತ್ತಾರೆ, ಹಾಲು ಉಕ್ಕದಂತೆ ಗ್ಯಾಸ್ ಆರಿಸುತ್ತಾರೆ, ಊರಿನ ಬಸ್ಸಿಗೆ ಫೋನು ಮಾಡುತ್ತಾರೆ. ಇನ್ನೊಂದು ಕಥೆಯಲ್ಲಿ ಗಂಡ ಸತ್ತ ಹೆಂಗಸು ಹದಿಮೂರು ದಿನವೂ ಬಂದವರಿಗೆ ಕಾಫಿ ಲೆಕ್ಕ ಹಾಕುತ್ತಾಳೆ. ಅವನ ಅಂಗಿ ಜೇಬಿನಲ್ಲಿ ಲೋಕಲ್ ಗಾಡಿಯ ಕ್ವಾರ್ಟರ್ಲಿ ಪಾಸ್ ಸಿಗುತ್ತದೆ. ಇನ್ನೂ ಎರಡು ತಿಂಗಳು ಬಾಕಿ ಇದೆ. ದುಡ್ಡು ವಾಪಸು ಸಿಗುತ್ತದಾ ನೋಡು ಎಂದು ಮಗನನ್ನು ಕೇಳುತ್ತಾಳೆ, ಕೇಳುತ್ತಲೇ ದನಿ ಒಡೆಯುತ್ತದೆ. ಮೊದಲ ಕರಡಿನಲ್ಲಿ ಅದೇ ಜಾಗದಲ್ಲಿ ಒಂದು ಪುಟ ಗೋಳಾಟವಿತ್ತು. ಭಯಕ್ಕೆ ಬಾಯಿ ಒಣಗುವುದು, ಕೈ ತಣ್ಣಗಾಗುವುದು, ಮೂತ್ರಕ್ಕೆ ಅವಸರವಾಗುವುದು. ನಾಚಿಕೆ, ಅವಮಾನಕ್ಕೆ ಕಿವಿ ಬಿಸಿಯಾಗುವುದು. ಇವನ್ನು ಎಲ್ಲರೂ ಬಲ್ಲಿರಿ. ಮೂರು ಲಕ್ಷಣ ಒಟ್ಟಿಗೆ ಸುರಿಯದೆ ಒಂದನ್ನೇ ಆರಿಸಿ.

ನಮ್ಮ ಮುಂಬಯಿ ಪಾತ್ರಗಳಿಗೆ ಇನ್ನೊಂದು ಸೌಲಭ್ಯವಿದೆ. ಪೆಟ್ಟು ಬಿದ್ದಾಗ ತುಳುವಿನಲ್ಲಿ "ಅಪ್ಪೇ" ಎಂದವನು ಸರಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ಹಿಂದಿಯಲ್ಲಿ ತಡವರಿಸುತ್ತಾನೆ, ಸೇಟ್ ಕೇಳಿದರೆ ಕನ್ನಡದಲ್ಲಿ "ಏನಿಲ್ಲ ಸೇಟ್ರೇ, ನಾಳೆ ಬರ್ತೇನೆ" ಅನ್ನುತ್ತಾನೆ. ಯಾರಿಗೆ ಎಷ್ಟು ನೋವು ಹೇಳುತ್ತಾನೆ ಎಂಬುದೂ ವಹಿಯಲ್ಲಿರಲಿ. ಮಾತಿನ ನಡುವೆ ನೋವು ನುಗ್ಗಿದಾಗ ವಾಕ್ಯವನ್ನು ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ನನ್ನದೇ ಒಂದು ಕ್ರಮವಿದೆ. ಅದನ್ನು ಈಗ ಹೇಳುವುದಿಲ್ಲ, ಕೈಯಲ್ಲಿರುವ ಕಾದಂಬರಿ ಅಚ್ಚಾಗಲಿ.

ದುಡ್ಡಿನ ವಿಚಾರ. ಕಥೆಗೆ ಸಂಭಾವನೆ ಸಿಕ್ಕರೆ ರೂ. 1000-1500ರ ಆಸುಪಾಸು, ಅದೂ ತಡವಾಗಿ. ಫೋರ್ಟಿನ ಫುಟ್‌ಪಾತಿನಲ್ಲಿ ಹಳೆಯ ವೈದ್ಯಕೀಯ ಪುಸ್ತಕಗಳಿಗೆ ಸುಮಾರು ರೂ. 800 ಸುರಿದದ್ದು ದಂಡ. ಅವು ರೋಗವನ್ನು ಡಾಕ್ಟರ ಕಣ್ಣಿನಿಂದ ಹೇಳುತ್ತವೆ, ಮಂಚದ ಮೇಲಿರುವವನ ಕಡೆಯಿಂದಲ್ಲ. ಬರವಣಿಗೆಯ ಶಿಬಿರವೊಂದಕ್ಕೆ ಕಟ್ಟಿದ ರೂ. 3000 ಕೂಡ ಹಾಗೆಯೇ. ಅಲ್ಲಿ 'ತೋರಿಸಿ, ಹೇಳಬೇಡಿ' ಎಂದು ಎರಡು ದಿನ ಹೇಳಿದರು, ತೋರಿಸಲಿಲ್ಲ. ಸಾರ್ಥಕವಾದದ್ದು ನಿವೃತ್ತ ನರ್ಸ್ ಒಬ್ಬರಿಗೆ ಕರಡು ಓದಿಸಿ ಕೊಟ್ಟ ರೂ. 500. ಅಂಥವರನ್ನು 'ನೋವು ಹೇಗಿರುತ್ತದೆ' ಎಂದು ಕೇಳಿದರೆ 'ತುಂಬಾ ಇರುತ್ತೆ' ಎಂಬ ಉತ್ತರ ಬರುತ್ತದೆ. 'ಐದನೇ ದಿನ ಆ ಕೈಯಿಂದ ಅನ್ನ ಕಲಸಬಹುದೇ? ಸ್ನಾನಕ್ಕೆ ಯಾರಾದರೂ ಬೇಕೇ? ಮಗ್ಗುಲು ಯಾವ ಕಡೆ?' ಎಂದು ಕೇಳಿ. ಪುಟ ತುಂಬುವಷ್ಟು ಸಿಗುತ್ತದೆ.

ಗುಳಿಗೆಯ ಖಾನೆಯನ್ನು ಹಗುರವಾಗಿ ನೋಡಬೇಡಿ. ಪ್ಯಾರಾಸಿಟಮಾಲ್ ಹಿಡಿಯಲು ಅರ್ಧ-ಮುಕ್ಕಾಲು ಗಂಟೆ ಬೇಕು, ನಾಲ್ಕರಿಂದ ಆರು ಗಂಟೆ ಇರುತ್ತದೆ. ರಾತ್ರಿ ಹತ್ತಕ್ಕೆ ನುಂಗಿದವನು ಮೂರು ಗಂಟೆಗೆ ಏಳುತ್ತಾನೆ, ಚಾಳಿನಲ್ಲಿ ಆ ಹೊತ್ತಿಗೆ ಎಚ್ಚರವಿರುವವರು ಯಾರು ಎಂಬುದರಿಂದ ಮುಂದಿನ ಪ್ರಸಂಗ ತಾನಾಗಿ ಹುಟ್ಟುತ್ತದೆ. ಈಗ ಹಲ್ಲುನೋವಿನ ಕಥೆಯೊಂದನ್ನು ಇದೇ ಲೆಕ್ಕದಲ್ಲಿ ಕಟ್ಟುತ್ತಿದ್ದೇನೆ. ಒಳಗಿನ ನರ ಕೆರಳಿದ ಹಲ್ಲಿನ ನೋವು ಮಲಗಿದ ಕೂಡಲೇ ಹೆಚ್ಚಾಗುತ್ತದೆ, ಮೇಲಿನದೋ ಕೆಳಗಿನದೋ ಎಂದು ರೋಗಿಗೇ ಗುರುತು ಸಿಗುವುದಿಲ್ಲ. ಹಾಗಾಗಿ ಪಾತ್ರ ಡೆಂಟಿಸ್ಟಿನ ಕುರ್ಚಿಯಲ್ಲಿ ತಪ್ಪು ಹಲ್ಲಿಗೆ ಬೆರಳಿಟ್ಟು ತೋರಿಸುತ್ತಾನೆ, ಅವನ ಮಾತನ್ನು ಮನೆಯಲ್ಲಿ ಯಾರೂ ನಂಬದಿರಲು ಅದೇ ಕಾರಣವಾಗುತ್ತದೆ. ವಹಿಯಲ್ಲಿ ಸದ್ಯಕ್ಕೆ ನಾಲ್ಕು ರಾತ್ರಿಗಳ ಲೆಕ್ಕ ತುಂಬಿದೆ.