ಇಂಟರ್‌ವ್ಯೂನಲ್ಲಿ 'ಯಾವ ಪೈಕಿ?' ಅಂದರೆ ಏನು ಮಾಡಬೇಕು

ಕರೂರು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿ ಇರಲಿ, ಪಿ.ಬಿ. ರಸ್ತೆಯ ಶೋರೂಮ್ ಇರಲಿ, ದಾವಣಗೆರೆಯಲ್ಲಿ ಕೆಲಸ ಕೇಳಿಕೊಂಡು ಹೋದರೆ ಜಾತಿಯನ್ನು ನೇರವಾಗಿ ಕೇಳುವವರು ಕಡಿಮೆ. 'ಅಡ್ಡಹೆಸರು ಏನು?', 'ಯಾವ ಮಠದ ಕಡೆಯವರು?', 'ಯಾವ ಪೈಕಿ?' ಅಂತ ಸುತ್ತಿ ಬಳಸಿ ಬರುತ್ತಾರೆ. ಹುಡುಗಿಯರಿಗೆ ಇನ್ನೊಂದು ಸುತ್ತು: ಮದುವೆ ಯಾವಾಗ, ಮಕ್ಕಳ ಯೋಚನೆ ಇದೆಯಾ. ಆಮೇಲೆ 'ಫೋನ್ ಮಾಡ್ತೀವಿ' ಅನ್ನುತ್ತಾರೆ. ಆ ಫೋನ್ ಬರುವುದಿಲ್ಲ.

ಒಂದು ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ನೌಕರಿಗೆ ಸಂವಿಧಾನದ 16ನೇ ವಿಧಿ ಇದೆ, ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಭೇದ ಮಾಡುವಂತಿಲ್ಲ. ಖಾಸಗಿಯವರಿಗೆ ಅಷ್ಟು ಅಗಲವಾದ ಕಾನೂನು ನಮ್ಮಲ್ಲಿಲ್ಲ. ಇರುವುದು ತುಂಡು ತುಂಡು. ಸುಮ್ನೆ 'ಅನ್ಯಾಯ ಆಯ್ತು' ಅಂತ ಅರ್ಜಿ ಬರೆದರೆ ಸಾಲದು, ನಿಮಗೆ ಹೊಂದುವ ತುಂಡು ಯಾವುದು ಅಂತ ಹುಡುಕಬೇಕು.

ಅದಕ್ಕೂ ಮೊದಲು ದಾಖಲೆ. ಇಂಟರ್‌ವ್ಯೂ ಆದ ದಿನ ಸಂಜೆಯೊಳಗೆ, ಸಿಟ್ಟು ಸ್ವಲ್ಪ ಇಳಿದ ಮೇಲೆ, ಕರೆದವರಿಗೇ ವಾಟ್ಸಾಪ್ ಮಾಡಿ: 'ಸರ್, ಇವತ್ತು 11 ಗಂಟೆಗೆ ಟೈಲರ್ ಕೆಲಸಕ್ಕೆ ಬಂದಿದ್ದೆ. ಹೊಲಿಗೆ ಟೆಸ್ಟ್ ಪಾಸ್ ಅಂದಿರಿ. ಬಸುರಿ ಅಂತ ಗೊತ್ತಾದ ಮೇಲೆ ಬೇಡ ಅಂದಿರಿ. ಬೇರೆ ಕಾರಣ ಇದ್ದರೆ ತಿಳಿಸಿ.' ಬೈಗುಳ ಬೇಡ, ಭಾಷಣ ಬೇಡ. ಉತ್ತರ ಬಂದರೆ ಅವರ ಮಾತು ಬರಹದಲ್ಲಿ ಸಿಕ್ಕಿತು, ನೀಲಿ ಟಿಕ್ ಬಿದ್ದು ಉತ್ತರ ಬರದಿದ್ದರೆ ನೀವು ಅವತ್ತೇ ಕೇಳಿದ್ದಕ್ಕಾದರೂ ಒಂದು ಗುರುತು ಇರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಅಣ್ಣನಿಗೋ ಗೆಳತಿಗೋ ಕಳಿಸಿಡಿ. 'ಕೆಲಸಕ್ಕೆ ಬೇಕಾಗಿದ್ದಾರೆ' ಅನ್ನುವ ಪಾಂಪ್ಲೆಟ್ ಫೋಟೋನೂ ಇರಲಿ.

ಇನ್ನು ಮೆಡಿಕಲ್ ಟೆಸ್ಟ್. ಲ್ಯಾಬ್‌ಗೆ ಚೀಟಿ ಕೊಟ್ಟು ಕಳಿಸಿದರೆ ರಕ್ತ ಕೊಡುವ ಮೊದಲು ಚೀಟಿ ಓದಿ, ಫೋಟೋ ತೆಗೆಯಿರಿ. ಕೆಲಸ ಕೊಡಬೇಕಾದರೆ ಎಚ್‌ಐವಿ ಟೆಸ್ಟ್ ಆಗಲೇಬೇಕು ಅನ್ನುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ, ಖಾಸಗಿಯವರಿಗೂ ಅದು ಅನ್ವಯ. ಬಸಿರಿನ ವಿಷಯದಲ್ಲಿ ಹಳೆಯ ಕೇಸ್ ಒಂದಿದೆ. ಎಲ್‌ಐಸಿ ನಮೂನೆಯಲ್ಲಿ ಕೊನೆಯ ಮುಟ್ಟು ಯಾವಾಗ, ಹಿಂದೆ ಎಷ್ಟು ಬಸಿರು ಅಂತೆಲ್ಲ ಕಾಲಂ ಇದ್ದವು (ಗುಮಾಸ್ತೆ ಕೆಲಸಕ್ಕೆ ಇದೆಲ್ಲ ಯಾಕೆ ಬೇಕೋ!). ಅದನ್ನು ಸರಿಯಾಗಿ ತುಂಬಲಿಲ್ಲ ಅಂತ ನೀರಾ ಮಾಥುರ್ ಅವರನ್ನು ಕೆಲಸದಿಂದ ತೆಗೆದರು. 1991ರಲ್ಲಿ ಸುಪ್ರೀಂ ಕೋರ್ಟ್ ಕೆಲಸ ವಾಪಸ್ ಕೊಡಿಸಿ, ಆ ಕಾಲಂಗಳನ್ನೇ ತೆಗೆಯಿರಿ ಅಂದಿತು. 'ಅದು ಎಲ್‌ಐಸಿ, ನಮ್ಮದು ಖಾಸಗಿ' ಅಂತ ಯಾರಾದರೂ ಅಂದರೆ 2019ರ ವೇತನ ಸಂಹಿತೆಯನ್ನು ಹಿಡಿಯಿರಿ: ಒಂದೇ ಕೆಲಸಕ್ಕೆ ಆಳು ತೆಗೆದುಕೊಳ್ಳುವಾಗ ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ. ಇದರ ಅರ್ಜಿ ಕಾರ್ಮಿಕ ಇಲಾಖೆಗೆ.

ಪರಿಶಿಷ್ಟ ಜಾತಿ ಅಥವಾ ಪಂಗಡದವರು ಅನ್ನುವ ಕಾರಣಕ್ಕೇ ಕೆಲಸಕ್ಕೆ ಅಡ್ಡ ಬಂದರೆ ಅದು ಕ್ರಿಮಿನಲ್ ವಿಷಯ, ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ನಾಲ್ಕು ಜನರ ಎದುರು ಜಾತಿ ಹಿಡಿದು ಅವಮಾನ ಮಾಡಿದರೂ ಅಷ್ಟೇ. ಆಗ ಅಲ್ಲಿ ಯಾರ್ಯಾರಿದ್ದರು ಅಂತ ಹೆಸರು ಬರೆದಿಡಿ, ಸಾಕ್ಷಿ ಇಲ್ಲದೆ ಕೇಸ್ ನಿಲ್ಲುವುದು ಕಷ್ಟ. ಪೊಲೀಸ್ ಠಾಣೆಗೆ ಹೋಗಿ, ಅಥವಾ 14566ಕ್ಕೆ ಫೋನ್ ಮಾಡಿ, ಟೋಲ್ ಫ್ರೀ.

ಕೆಲಸ ಕೊಡುತ್ತೇನೆ ಅಂತ ಮೈಮೇಲೆ ಕೈ ಹಾಕಿದರೆ ಮೂರು ತಿಂಗಳೊಳಗೆ ದೂರು ಕೊಡಬೇಕು. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಲೈಂಗಿಕ ಕಿರುಕುಳದ ದೂರು ಕೇಳುವ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ.

ಅಂಗವಿಕಲರು ಸರ್ಕಾರಿ ನೇಮಕಾತಿ ಪರೀಕ್ಷೆಗೆ ಅರ್ಜಿ ತುಂಬುವಾಗಲೇ ಬರಹಗಾರ ಬೇಕು, ಗಂಟೆಗೆ 20 ನಿಮಿಷ ಜಾಸ್ತಿ ಬೇಕು ಅಂತ ನಮೂದಿಸಿ. ಪರೀಕ್ಷೆ ದಿನ ಹೋಗಿ ಕೇಳಿದರೆ ಬಾಗಿಲಲ್ಲೇ ಜಗಳ ಆಗುತ್ತದೆ.

ವಕೀಲರಿಗೆ ದುಡ್ಡಿಲ್ಲ ಅಂತ ಕೂರಬೇಡಿ. ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ನೆರವು ಉಚಿತ. ಫೋನ್ 15100. ಅರ್ಜಿ ಅವರೇ ಬರೆದುಕೊಡಲಿ ಅಂತ ಕೇಳಿ, ಸಂಕೋಚ ಬೇಡ.

ಯಾವ ಕಚೇರಿಗೇ ಹೋದರೂ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. 'ಸಾಹೇಬ್ರು ಇಲ್ಲ, ನಾಳೆ ಬನ್ನಿ' ಅಂದರೆ ವಾದ ಮಾಡದೆ ಅವತ್ತೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ನಿಮ್ಮ ಪ್ರತಿಗೆ ಪಿನ್ ಮಾಡಿಡಿ.